ಹದಿನಾಲ್ಕು ಅಂಗುಲದ ಚಕ್ರ

ಫ್ಲಿಂಟ್, ಮಿಷಿಗನ್
ಅಕ್ಟೋಬರ್ 6, 2009

ನನ್ನ ಮುದ್ದಿನ ಜೋಲೀನ್,

ಭಾನುವಾರ ಫೋನಿನಲ್ಲಿ ನನ್ನ ದನಿ ಯಾಕೋ ಸರಿಯಿಲ್ಲ ಅಂದೆಯಲ್ಲ. ನೆಗಡಿ ಅಂದುಬಿಟ್ಟೆ. ನಿನ್ನ ಅಪ್ಪ ಪಕ್ಕದಲ್ಲೇ ಕೂತಿದ್ದರು, ಹೇಳುವ ಹಾಗಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಶನಿವಾರ ಡ್ವೇನ್ ಪ್ರೂಯಿಟ್ ಬಂದಿದ್ದ. ನಮ್ಮ ಐವತ್ತೇಳರ ಮಾದರಿಯ ಷೆವರ್ಲೆ ಕಾರು ಕೊಂಡ, ಸ್ಯಾಗಿನಾ ಊರಿನವನು. ಕಾರು ಮಾರುವಾಗ ನಾವಿಬ್ಬರೂ ಎಷ್ಟು ಯೋಚಿಸಿದೆವು! ಲಕ್ವ ಹೊಡೆದು ಮಾತು ನಿಂತ ಮೇಲೂ ಅಪ್ಪ ಗೋಡೆ ಹಿಡಿದುಕೊಂಡು ಗ್ಯಾರೇಜಿಗೆ ಹೋಗುತ್ತಿದ್ದರು. ಒಂದು ದಿನ ಅಲ್ಲೇ ಬಿದ್ದರು. ನಾನು ಅಂಗಡಿಯಿಂದ ಬಂದು ನೋಡುವವರೆಗೂ ತಣ್ಣನೆ ಸಿಮೆಂಟಿನ ಮೇಲೆ ಬಿದ್ದೇ ಇದ್ದರು. ಕಾರು ಇರುವವರೆಗೂ ಇವರು ಹೋಗುವುದು ತಪ್ಪುವುದಿಲ್ಲ ಎಂದು ಆಮೇಲೇ ತಾನೇ ನಾವು ನಿರ್ಧರಿಸಿದ್ದು?

ಕೊಳ್ಳಲು ಬಂದವರಲ್ಲಿ ಡ್ವೇನನೇ ಒಳ್ಳೆಯವನಾಗಿ ಕಂಡ. ಅಪ್ಪನ ಮುಂದೆ ಮೊಣಕಾಲೂರಿ ಕೂತು ಮಾತಾಡಿಸಿದ. ಚಕ್ರ ಮಾತ್ರ ಬದಲಿಸಬೇಡಪ್ಪಾ ಅಂತ ನಾನೇ ಅವರ ಪರವಾಗಿ ಕೇಳಿಕೊಂಡೆ. "ಅಯ್ಯೋ, ಕಣ್ಣಲ್ಲಿಟ್ಟು ನೋಡ್ಕೋತೀನಮ್ಮಾ" ಅಂದ.

ಅಪ್ಪನಿಗೆ ಆ ಚಕ್ರ ಅಂದರೆ ಏನೆಂದು ನಿನಗೆ ಹೇಳಬೇಕೆ? ಅವರು ಷೆವರ್ಲೆ ಕಾರ್ಖಾನೆಗೆ ಸೇರಿದ ವರ್ಷವೇ, ಐವತ್ತೇಳರ ಆ ಮಾದರಿಯಲ್ಲೇ, ಚಕ್ರ ಹದಿನೈದು ಅಂಗುಲದಿಂದ ಹದಿನಾಲ್ಕಕ್ಕೆ ಇಳಿದದ್ದು. ಅದನ್ನು ಕೂರಿಸಿ ನಟ್ಟು ಬಿಗಿಯುವುದೇ ಅವರ ಮೊದಲ ಕೆಲಸ. ಚಕ್ರ ಚಿಕ್ಕದಾದದ್ದರಿಂದಲೇ ಗಾಡಿ ನೆಲಕ್ಕೆ ತಗ್ಗಿ, ಓಡುವ ಬೆಕ್ಕಿನ ಹಾಗೆ ಕಾಣುತ್ತದೆ ಅನ್ನುತ್ತಿದ್ದರು. ಹಳೆಯ ಕಾರುಗಳ ಪ್ರದರ್ಶನಗಳಲ್ಲಿ ಯಾರಾದರೂ ದೊಡ್ಡ ಚಕ್ರ ಹಾಕಿಸಿ ತಂದರೆ, "ಏನಯ್ಯಾ, ಮಗೂಗೆ ಅಪ್ಪನ ಬೂಟು ಹಾಕ್ಸಿದ್ಯಾ?" ಅಂತ ಛೇಡಿಸುತ್ತಿದ್ದರು. ಅಂಚಿನ ಬಿಳಿ ಪಟ್ಟಿಯ ಆ ಹಳೆಯ ನಮೂನೆಯ ಟೈರಿಗಾಗಿ ಒಂದು ಇಡೀ ಬೇಸಿಗೆ ಕಾದದ್ದು ನಿನಗೂ ನೆನಪಿರಬೇಕು.

ಶನಿವಾರ ಹಾರನ್ ಕೇಳಿದ ಕೂಡಲೇ ಅದು ತಮ್ಮ ಕಾರೇ ಎಂದು ಅಪ್ಪನಿಗೆ ಗೊತ್ತಾಯಿತು. ಎಡಗೈಯಲ್ಲಿ ನನ್ನ ತೋಳು ಹಿಡಿದು ಎಳೆದರು. ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಹೊರಗೆ ಹೋದೆ.

ಜೋಲೀನ್, ಬಣ್ಣ ಅದೇ, ಮೈ ಅದೇ. ಕೆಳಗೆ ಮಾತ್ರ ಇಪ್ಪತ್ತು ಅಂಗುಲದ, ಕನ್ನಡಿಯಂಥ ಹೊಳೆಯುವ ಚಕ್ರಗಳು. ಅವು ಒಳಗೆ ಹಿಡಿಸಲೆಂದು ಚಕ್ರದ ಮೇಲಿನ ತಗಡಿನ ಕಮಾನುಗಳನ್ನೇ ಕೊಯ್ದಿದ್ದ. ಕೊಯ್ದ ತಗಡನ್ನು ಮತ್ತೆ ಹಿಂದಿನಂತೆ ಮಾಡಲು ಯಾರಿಂದಾದೀತು?

ಡ್ವೇನ್ ಮುಖ ತುಂಬ ನಗು. "ಹೇಗಿದೆ ಯಜಮಾನ್ರೇ? ಬರೀ ಚಂದಕ್ಕಲ್ಲ, ಈಗ ಬ್ರೇಕೂ ಚೆನ್ನಾಗಿ ಹಿಡಿಯುತ್ತೆ. ಮೊದಲು ನಿಮಗೇ ತೋರಿಸ್ಬೇಕು ಅಂತ ಸೀದಾ ಬಂದೆ!"

ಕೆಟ್ಟವನಾಗಿದ್ದರೆ ಬೈದು ಕಳಿಸುತ್ತಿದ್ದೆ. ಇವನು ನನಗಾಗಿ ಹೆಂಡತಿ ಮಾಡಿದ ಸೇಬಿನ ಕಡುಬನ್ನೂ ಹಿಡಿದು ತಂದಿದ್ದ. ನಾನು ಹೇಳಿದ್ದು ಅವನಿಗೆ ನೆನಪೇ ಇರಲಿಲ್ಲವೋ, ಅಥವಾ ಮುದುಕಿಯೊಬ್ಬಳ ಮಾತು ಎಂದುಕೊಂಡನೋ.

ಅಪ್ಪ ಕುರ್ಚಿಯಲ್ಲೇ ಬಗ್ಗಿ ಕೊಯ್ದ ಅಂಚಿನ ಮೇಲೆ ಬೆರಳಾಡಿಸಿದರು. ಬಾಯಿ ಸೊಟ್ಟಗಾಯಿತು, ಕತ್ತಿನ ನರ ಉಬ್ಬಿತು. "ಹ... ಹದಿನಾಲ್ಕು" ಅಂದರು.

ಮಾತು ಕಲಿಸುವ ಆ ಹುಡುಗಿ ಏಪ್ರಿಲ್‌ನಿಂದ ಬಂದು ನೀರು ಅನ್ನಿ, ಅನ್ನ ಅನ್ನಿ, ಹೆಂಡತಿಯ ಹೆಸರು ಆರ್ಲಿಸ್ ಅನ್ನಿ ಎಂದು ಗೋಗರೆದರೂ ತುಟಿ ಬಿಚ್ಚದ ಮನುಷ್ಯ. ನನ್ನ ಹೆಸರಾದರೂ ಮೊದಲು ಬಂದೀತು ಎಂದು ನಾನು ಆಸೆಪಟ್ಟಿದ್ದೆ.

ಡ್ವೇನ್ ಕುಣಿದಾಡಿಬಿಟ್ಟ. "ಮಾತಾಡಿದ್ರು! ಅಮ್ಮಾ, ಕೇಳಿಸ್ತಾ? ಏನು ಹದಿನಾಲ್ಕು ಯಜಮಾನ್ರೇ?"

ಅಪ್ಪ ನನ್ನ ಮುಖ ನೋಡಿದರು. ಅವರ ಮಾತನ್ನು ಅವನಿಗೆ ಮುಟ್ಟಿಸುವವಳು ನಾನೊಬ್ಬಳೇ ತಾನೇ. ಆದರೆ ಹೇಳಿ ಏನು ಮಾಡಲಿ? ಕಾರು ಅವನದು, ತಗಡು ಕೊಯ್ದಾಗಿದೆ.

"ಹದಿನಾಲ್ಕನೇ ವಯಸ್ಸಲ್ಲಿ ಮೊದಲು ಕಾರು ಓಡ್ಸಿದ್ರಂತೆ, ಅದನ್ನ ಹೇಳ್ತಿದಾರೆ" ಅಂದೆ.

ಅಪ್ಪನ ಕಣ್ಣು ನನ್ನ ಮೇಲಿಂದ ಸರಿಯಿತು. ಡ್ವೇನ್ ಅವರ ಬೆನ್ನು ತಟ್ಟಿ, ಇನ್ನೊಮ್ಮೆ ಹಾರನ್ ಹೊಡೆದು ಹೊರಟುಹೋದ. ಆಮೇಲೆ ಅವರು ಒಂದು ಶಬ್ದವನ್ನೂ ಆಡಿಲ್ಲ. ಊಟ ಮಾಡಿಸಿದರೆ ಮಾಡುತ್ತಾರೆ. ಅವರು ಮಾತಾಡಿದ್ದನ್ನು ಸೋಮವಾರ ಬಂದ ಆ ಮಾತು ಕಲಿಸುವ ಹುಡುಗಿಗೆ ನಾನು ಹೇಳಲಿಲ್ಲ.

ನೀನು ಬಾ ಅನ್ನುತ್ತಿಲ್ಲ. ನಿನ್ನ ಕೆಲಸ, ಮಕ್ಕಳ ಶಾಲೆ ನನಗೆ ಗೊತ್ತು. ಬಂದರೂ ನೀನೇನು ಮಾಡಬಲ್ಲೆ? ಯಾರಿಗಾದರೂ ಹೇಳಬೇಕಿತ್ತು, ಅಷ್ಟೇ.

ನಿನ್ನ
ಅಮ್ಮ

ಮರೆತಿದ್ದೆ: ಇವತ್ತು ಬೆಳಿಗ್ಗೆಯೇ ಡ್ವೇನ್ ಫೋನ್ ಮಾಡಿದ್ದ. ಮುಂದಿನ ಶನಿವಾರ ಅಪ್ಪನನ್ನು ಕಾರಿನಲ್ಲಿ ಒಂದು ಸುತ್ತು ಕರೆದೊಯ್ಯುತ್ತಾನಂತೆ. ಬೇಡ ಅನ್ನಲು ಬಾಯಿ ಬರಲಿಲ್ಲ. ಕಾರು ಬರುತ್ತದಂತೆ ಎಂದು ಅಪ್ಪನಿಗೆ ಹೇಳಿದೆ. ಅದು ಮನೆಗೇ ವಾಪಸು ಬರುತ್ತಿದೆ ಎಂದು ತಿಳಿದಿದ್ದಾರೆ. ಗ್ಯಾರೇಜಿನ ಬಾಗಿಲಿಗೆ ಅಡ್ಡವಾಗಿ ನಾನಿಟ್ಟಿದ್ದ ಹೂಕುಂಡಗಳನ್ನು ತೆಗೆ, ತೆಗೆ ಎಂದು ಆಗಿನಿಂದ ಕೈ ತೋರಿಸುತ್ತಿದ್ದರು. ಎಲ್ಲವನ್ನೂ ತೆಗೆದಿಟ್ಟೆ.