ಎಡೆಗಿಟ್ಟ ಮೊಟ್ಟೆ

ಬನಶಂಕರಿ ಎರಡನೇ ಹಂತ,
೧೨-೮-೧೯೮೪

ಕಂಪನಿಯ ಕಲ್ಯಾಣಾಧಿಕಾರಿ ಸಿದ್ದಲಿಂಗಯ್ಯನವರಿಗೆ ವಂದನೆಗಳು.

ನಿಮ್ಮ ಕಂಪನಿ ನಮ್ಮ ಶಾಲೆಯಲ್ಲಿ ನಡೆಸುವ ಮಕ್ಕಳ ಪೌಷ್ಟಿಕ ಆಹಾರದ ಪಾಠಕ್ಕೆ ಇನ್ನೊಂದು ಪದ್ಯ ಬರೆದುಕೊಡಿ ಎಂದಿದ್ದೀರಿ. ಹೋದ ವರ್ಷ ನಾನು ಬರೆದ ‘ದಿನವೂ ಒಂದು ಮೊಟ್ಟೆ, ಗಟ್ಟಿ ನಿನ್ನ ರಟ್ಟೆ’ಯನ್ನು ನಿಮ್ಮ ಸಭೆಯಲ್ಲಿ ಹಾಡಿ ಚಪ್ಪಾಳೆ ಗಿಟ್ಟಿಸಿದ್ದ ನಮ್ಮ ಶಾಲೆಯ ಹೊನ್ನಿ ಈ ತಿಂಗಳ ಮೊದಲಲ್ಲಿ ದಡಾರ ಎದ್ದು ತೀರಿಕೊಂಡಳು. ಜ್ವರ ತಡೆಯುವ ಶಕ್ತಿಯೇ ಮೈಯಲ್ಲಿರಲಿಲ್ಲ ಎಂದರು ಡಾಕ್ಟರು.

ನಿನ್ನೆ ತಿಥಿ. ತಾಯಿ ಕೆಂಪಕ್ಕ ಎಡೆಗೆ ಬೇಯಿಸಿದ ಮೊಟ್ಟೆ ಇಟ್ಟಿದ್ದರು.

“ಇಷ್ಟಪಟ್ಟು ತಿಂತಿದ್ಲಾ, ಕೆಂಪಕ್ಕ?” ಎಂದೆ.

“ತಿನ್ನೋದೆಲ್ಲಿ ಬಂತು ಮೇಷ್ಟ್ರೇ? ಯಾವಾಗ್ಲೂ ಹಾಡ್ತಿದ್ಲು.”

ದಯವಿಟ್ಟು ಈ ಸಲ ಮೊದಲು ಶಾಲೆಗೆ ಮೊಟ್ಟೆ ಕಳಿಸಿಕೊಡಿ. ಪ್ರಾಸಕ್ಕೆ ಅವಸರವಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಮರುಳಸಿದ್ದಪ್ಪ, ಬಿ.ಎ.
ಕನ್ನಡ ಮೇಷ್ಟ್ರು