ಅನ್ಸೆಲ್ಮನ ಕೈಗೆ ನಾನು ಕೊಟ್ಟ ಬಾವುಟ

ಪ್ಯಾರಿಸ್, ೧೪ ನವೆಂಬರ್ ೧೮೬೯, ಭಾನುವಾರ.

ಇವತ್ತು ಒಡಿಲ್ ಬಂದಿದ್ದಳು, ೧೮೪೮ರ ದಂಗೆಯಲ್ಲಿ ಸತ್ತ ಬಡಗಿ ಅನ್ಸೆಲ್ಮನ ಹೆಂಡತಿ. ನನ್ನ ಕಾದಂಬರಿಯಲ್ಲಿ ಅವನು ಬಾವುಟ ಹಿಡಿದು, ಗುಂಡಿಗೆ ಎದೆಯೊಡ್ಡಿ ಸಾಯುತ್ತಾನೆ. ನಿಜಕ್ಕೂ ಸತ್ತದ್ದು ಹಸುಗೂಸು ಮಗಳಿಗೆ ಹಾಲು ತರಲು ಹೋದಾಗ, ದಾರಿಯಲ್ಲಿ ಗುಂಡು ತಗುಲಿ. ಅವಳೇ ಹಿಂದೆ ಹೇಳಿದ್ದಳು. ಕಥೆ ಸಪ್ಪೆಯಾಗುತ್ತದೆಂದು ನಾನೇ ಬಿಟ್ಟಿದ್ದೆ.

ಬೈಯಲು ಬಂದಳೆಂದುಕೊಂಡೆ.

"ಚೆನ್ನಾಗೇ ಬರ್ದಿದ್ದೀರಿ ಸ್ವಾಮಿ, ಬೀದಿಯವ್ರೆಲ್ಲ ಅತ್ರು," ಅಂದಳು. "ಆದ್ರೆ ಬಾವುಟ ಅಂದ್ರೆ ಬಿದ್ದುಬಿದ್ದು ನಗ್ತಿದ್ದ ಮನುಷ್ಯ ಅವ್ನು!"

"ಮಗಳಿಗೆ ನಿಜ ಹೇಳಲಿಲ್ಲವೇ?"

"ಹೇಳ್ದೆ. 'ಸುಮ್ನಿರಮ್ಮ, ಪುಸ್ತಕದಲ್ಲೇ ಇದೆ' ಅಂತಾಳೆ. ಅವಳ ಮಾತು ಬಿಡಿ. ಈಗ ಕಣ್ಮುಚ್ಚಿದ್ರೆ ನಂಗೂ ಬಾವುಟಾನೇ ಕಾಣುತ್ತೆ. ಹಾಲಿನ ಪಾತ್ರೆ ಕಾಣಲ್ಲ."

ಮುಂದಿನ ಮುದ್ರಣದಲ್ಲಿ ತಿದ್ದುತ್ತೇನೆ ಎಂದೆ. ತಲೆಯಾಡಿಸಿ ಹೋದಳು. ಪುಸ್ತಕವನ್ನೇನೋ ತಿದ್ದಬಹುದು. ಅವಳ ಗಂಡನನ್ನು ಅವಳಿಗೆ ಹೇಗೆ ಹಿಂದಿರುಗಿಸಲಿ?