ನೋಡದೇ ಹಾಕಿದ ಸಹಿ

೨೦೨೩ ಜೂನ್ ೩, ಶನಿವಾರ

ಫಸ್ಟ್ ಶಿಫ್ಟ್. ಬ್ರೇಕ್ ಸಿಲಿಂಡರ್ — ೨೧೨ ಪಾಸ್, ೩ ರಿಜೆಕ್ಟ್. ಆ ಮೂರರಲ್ಲಿ ಒಂದನ್ನು ಬಿಟ್ಟುಬಿಡಿ ಎಂದು ಮಷಿನ್ ನಡೆಸುವ ತುಕಾರಾಮ ಗೋಗರೆದ. ‘ಶಶಿಭಾವು, ಕೂದಲೆಳೆಯಷ್ಟು ಫರಕ್. ಸೋಡೂನ್ ದ್ಯಾ.’ ಬಿಡಲಿಲ್ಲ. ರಂಧ್ರ ಅಳೆಯುವ ಗೇಜ್‌ನ ‘ಹೋಗಬಾರದ’ ತುದಿ ಒಳಗೆ ಹೋಯಿತೆಂದರೆ ಮುಗಿಯಿತು, ಅದು ರಿಜೆಕ್ಟ್. ತಪಾಸಣೆಯ ಹದಿನೇಳನೇ ನಂಬರಿನ ಸ್ಟ್ಯಾಂಪ್ ನನ್ನದು. ಇಪ್ಪತ್ತೆರಡು ವರ್ಷದಲ್ಲಿ ನೋಡದೇ ಒತ್ತಿದ್ದಿಲ್ಲ.

ನಮ್ಮ ಅಶ್ವಿನಿಗೆ ಹತ್ತನೇ ಕ್ಲಾಸಿನಲ್ಲಿ ಶೇಕಡಾ ೯೧.೪. ನಿನ್ನೆಯಿಂದ ಮನೆ ತುಂಬ ಪೇಢೆ. ಅವಳ ತಾಯಿ ಮಹಾದೇವಿ ಭಾಲ್ಕಿಯ ನೆಂಟರಿಗೆಲ್ಲ ಫೋನ್ ಮಾಡಿ ಮಾಡಿ ಗಂಟಲು ಕೆಡಿಸಿಕೊಂಡಿದ್ದಾಳೆ. ಮಗಳದು ಒಂದೇ ಹಠ. ಇಲ್ಲೇ ನಾಸಿಕ್‌ನ ಕಾಲೇಜ್, ಸೈನ್ಸ್, ಅದರಲ್ಲೂ ಬೈಫೋಕಲ್ — ಬಯಾಲಜಿ ಮತ್ತು ಎರಡನೇ ಭಾಷೆ ಬಿಟ್ಟು ಆ ಜಾಗಕ್ಕೆ ಎಲೆಕ್ಟ್ರಾನಿಕ್ಸ್.

‘ಲ್ಯಾಬ್ ನೋಡಿ ಬಂದೀನ್ರಿ ಪಪ್ಪಾ. ಸರ್ ನನ್ನ ಕೈಲೇ ಸೋಲ್ಡರಿಂಗ್ ಮಾಡಿಸಿದ್ರು. ಸರ್ಕಿಟ್ ಎಲ್ಲಾ ನಾವೇ ಮಾಡಬೇಕಂತ.’

ಹದಿಮೂರನೇ ವಯಸ್ಸಿಗೇ ಮಿಕ್ಸರ್ ಬಿಚ್ಚಿ ಜೋಡಿಸಿದ ಹುಡುಗಿ. ಕೇಳಿ ಖುಷಿಯೇ ಆಯಿತು. ಆದರೆ ಸೋಲ್ಡರಿಂಗ್ ಎಂದರೆ ನನಗೆ ಐಟಿಐ ದಿನಗಳ ನೆನಪು. ಐಟಿಐ ಮಾಡಿದವನಿಗೆ ಮೀಟಿಂಗಿನಲ್ಲಿ ಯಾವ ಕುರ್ಚಿ ಎಂದು ನನಗೆ ಗೊತ್ತು. ಇವಳು ಸೈಂಟಿಸ್ಟ್ ಆಗಬೇಕು. ಓಝರ್‌ನ ವಿಮಾನ ಕಾರ್ಖಾನೆ ಕಡೆಯಿಂದ ವಿಮಾನ ಹಾರಿದಾಗೆಲ್ಲ ಊಟ ಬಿಟ್ಟು ಬಾಲ್ಕನಿಗೆ ಓಡುವವಳು.

ಜೂನ್ ೧೧, ಭಾನುವಾರ

ನಾಸಿಕ್ ರೋಡ್‌ನ ಹಾಲ್‌ನಲ್ಲಿ ಸೆಮಿನಾರ್. ಸಂಭಾಜಿನಗರದ ಜೆಇಇ ಕೋಚಿಂಗ್‌ನವರದು. ಸುಧೀರ ಸರ್ ಎಂಬವರು ಒಂದೂವರೆ ಗಂಟೆ ನೀರೂ ಕುಡಿಯದೆ ಮಾತಾಡಿದರು. ಲ್ಯಾಬ್‌ನಲ್ಲಿ ಕಳೆಯುವ ಒಂದು ಗಂಟೆಗೆ ಮೂವತ್ತು ಪ್ರಶ್ನೆ ಬಿಡಿಸಬಹುದಂತೆ. ಹೆಸರು ಒಂದು ಕಾಲೇಜಿನಲ್ಲಿ, ಓದು ಇವರ ಹಾಸ್ಟೆಲ್‌ನಲ್ಲಿ. ಹಾಜರಿ, ಪ್ರಾಕ್ಟಿಕಲ್ — ‘ಸಬ್ ಮ್ಯಾನೇಜ್ ಹೋ ಜಾತಾ ಹೈ.’

ಮ್ಯಾನೇಜ್ ಎಂಬ ಮಾತು ಕಿವಿಗೆ ಚುಚ್ಚಿತು. ಫ್ಯಾಕ್ಟರಿಯಲ್ಲಿ ಯಾರಾದರೂ ಹಾಗೆಂದರೆ ಅವರ ಡಬ್ಬವನ್ನು ಪೂರ್ತಿ ಸುರಿದು ನೋಡುತ್ತೇನೆ. ಆದರೆ ಗೋಡೆಯ ತುಂಬ ರ್‍ಯಾಂಕ್ ಬಂದ ಮಕ್ಕಳ ಫೋಟೊ. ತಲೆ ಅಲ್ಲಾಡಿಸಿಬಿಟ್ಟೆ. ಅಶು ನನ್ನ ಮುಖವನ್ನೇ ನೋಡುತ್ತಿದ್ದಳು.

ಜೂನ್ ೧೫, ಗುರುವಾರ

ಸಂಭಾಜಿನಗರಕ್ಕೆ ಹೋಗಿ ಬಂದೆವು. ಕೋಚಿಂಗ್ ಆಫೀಸಿನಲ್ಲೇ ಕಾಲೇಜಿನ ಫಾರ್ಮ್. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಾಕಿಯೆಲ್ಲ ಅವರೇ ಟಿಕ್ ಹಾಕಿಟ್ಟಿದ್ದರು. ಎಲೆಕ್ಟ್ರಾನಿಕ್ಸ್ ಆ ಕಾಲೇಜಿನಲ್ಲಿ ಇಲ್ಲವೇ ಇಲ್ಲ.

‘ಕಾಲೇಜ್ ಎಲ್ಲಿ ಅದರಿ? ಒಮ್ಮೆ ನೋಡೋಣ್ರಿ ಪಪ್ಪಾ.’

ಪೈಠಣ ರಸ್ತೆಯಲ್ಲಿ, ಊರಾಚೆ. ಹೋಗಿ ಬರಲು ಎರಡು ತಾಸು. ವಾಪಸು ರೈಲು ತಪ್ಪುತ್ತಿತ್ತು. ‘ನೋಡೂದೇನದ? ಇಷ್ಟ ಮಂದಿ ಹಾಕ್ಲತ್ತಾರ. ಸಹಿ ಮಾಡು’ ಎಂದೆ.

ಟಿಕ್ ಹಾಕಿದ ಸಾಲುಗಳನ್ನು ಪೆನ್ನಿನ ತುದಿಯಿಂದ ಒಂದೊಂದಾಗಿ ಮುಟ್ಟಿದಳು. ಆಮೇಲೆ ಸಹಿ ಮಾಡಿದಳು. ರೈಲಿನಲ್ಲಿ ಮನಮಾಡ್ ಬರುವ ತನಕ ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ನಿದ್ದೆ ಬಂದಿದೆ ಎಂದುಕೊಂಡೆ.

ಜೂನ್ ೨೫

ಹಾಸ್ಟೆಲ್‌ಗೆ ಬಿಟ್ಟು ಬಂದೆವು. ಸೋಲ್ಡರಿಂಗ್ ಐರನ್ ಪುಸ್ತಕದ ಶೆಲ್ಫ್ ಮೇಲೆಯೇ ಇದೆ. ಹಾಸ್ಟೆಲ್‌ನಲ್ಲಿ ಅಂಥವಕ್ಕೆ ಪರವಾನಗಿ ಇಲ್ಲವಂತೆ.

ಮಹಾದೇವಿ ಮೂರು ತಟ್ಟೆ ಹಾಕಿ, ಒಂದನ್ನು ತೆಗೆದಿಟ್ಟಳು.

ನವೆಂಬರ್ ೧೩

ದೀಪಾವಳಿಗೆ ಬಂದಿದ್ದಾಳೆ. ನಾಲ್ಕೇ ದಿನ. ತೆಳ್ಳಗಾಗಿದ್ದಾಳೆ, ಮಾತೂ ತೆಳ್ಳಗಾಗಿದೆ. ಚಟ್ನಿ ರುಬ್ಬುವಾಗ ಮಿಕ್ಸರ್ ನಿಂತಿತು. ಮಹಾದೇವಿ ಆಸೆಯಿಂದ ಅವಳ ಮುಂದೆ ತಂದಿಟ್ಟಳು.

‘ಮೆಕ್ಯಾನಿಕ್‌ಗೆ ಕೊಡ್ರಿ ಮಮ್ಮಿ’ ಅಂದು ಶೀಟ್ ತಿರುಗಿಸಿದಳು. ದಿನಕ್ಕೆ ನೂರು ಪ್ರಶ್ನೆಯಂತೆ.

೨೦೨೪ ಮಾರ್ಚ್ ೨೦

೧೯೮ ಪಾಸ್, ೬ ರಿಜೆಕ್ಟ್.

ಕೋಚಿಂಗ್‌ನಿಂದ ಮೆಸೇಜ್. ಅಶ್ವಿನಿ ‘ಎ’ ಬ್ಯಾಚಿನಿಂದ ‘ಡಿ’ಗೆ. ಫೋನ್ ಮಾಡಿದೆ. ‘ಹೂಂ’ ಅಂದಳು. ಗದರಿದೆ. ಅದಕ್ಕೂ ‘ಹೂಂ’. ವಾಪಸ್ ಕರೆದುಕೊಂಡು ಬರಲೇ ಎಂದು ಕೇಳಬೇಕಿತ್ತು. ಕೇಳಲಿಲ್ಲ.

೨೦೨೫ ಜನವರಿ ೯

ಹತ್ತು ತಿಂಗಳಿಂದ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ.

ಇವತ್ತು ಸುಧೀರ ಸರ್ ಫೋನ್. ಬೋರ್ಡಿನಿಂದ ತಪಾಸಣೆಗೆ ಬರಬಹುದಂತೆ. ಎಲ್ಲ ಪಾಲಕರೂ ಬಂದು ಹಮೀಪತ್ರಕ್ಕೆ — ಮುಚ್ಚಳಿಕೆಗೆ — ಸಹಿ ಮಾಡಬೇಕು. ಇಲ್ಲದಿದ್ದರೆ ಹನ್ನೆರಡನೇ ಕ್ಲಾಸಿನ ಹಾಲ್ ಟಿಕೆಟ್ ಸಿಗುವುದಿಲ್ಲ.

ಜನವರಿ ೧೧, ಶನಿವಾರ. ಸಂಜೆ, ರೈಲಿನಲ್ಲಿ

ಮೊದಲ ಸಲ ಕಾಲೇಜ್ ನೋಡಿದೆ. ಎರಡು ಮಹಡಿ, ಕೆಳಗೆ ಬೀಗ. ಅಶುವೂ ಇವತ್ತೇ ಮೊದಲ ಸಲ ನೋಡಿದ್ದಂತೆ. ಒಂದೂವರೆ ವರ್ಷ ಅವಳು ಈ ಕಾಲೇಜಿನ ವಿದ್ಯಾರ್ಥಿನಿ.

ಮುಚ್ಚಳಿಕೆ ಮರಾಠಿಯಲ್ಲಿ. ನನ್ನ ಮಗಳು ದಿನಾ ಕಾಲೇಜಿಗೆ ಹೋಗಿದ್ದಾಳೆ, ಎಲ್ಲ ಪ್ರಾಕ್ಟಿಕಲ್ ಸ್ವತಃ ಮಾಡಿದ್ದಾಳೆ, ಇದು ನಾನೇ ಖಾತ್ರಿ ಮಾಡಿಕೊಂಡ ಸಂಗತಿ. ಕೆಳಗೆ ಸಹಿಗೆ ಗೆರೆ. ಟೇಬಲ್ ಮುಂದೆ ಪಾಲಕರ ಸಾಲು.

ಅವಳು ಫಿಸಿಕ್ಸ್ ಪ್ರಾಕ್ಟಿಕಲ್ ಬರೆಯುವ ಜರ್ನಲ್ ಟೇಬಲ್ ಮೇಲಿತ್ತು. ತೆರೆದೆ. ತಂತಿಯ ರೆಸಿಸ್ಟನ್ಸ್ ಅಳೆದದ್ದು, ಐದು ರೀಡಿಂಗ್. ಐದೂ ಹೊಂದಿಸಿಟ್ಟಂತೆ, ಒಂದು ಹೊಡೆದುಹಾಕಿದ ಅಂಕಿ ಇಲ್ಲ. ಪಕ್ಕದ ಹುಡುಗಿಯ ಜರ್ನಲ್ ತೆರೆದೆ. ಅವೇ ಐದು. ಅದರ ಪಕ್ಕದ್ದೂ ಅಷ್ಟೇ. ನಾನು ಅಳತೆ ಬರೆದು ಬದುಕಿದವನು. ನಿಜವಾಗಿ ಅಳೆದರೆ ಎಲ್ಲೋ ಒಂದು ಕಡೆ ಕೈ ಅಲುಗುತ್ತದೆ, ಅಂಕಿ ಅಲುಗುತ್ತದೆ. ಇಲ್ಲಿ ಯಾರೂ ಏನೂ ಮುಟ್ಟಿಲ್ಲ.

‘ಬೋರ್ಡ್ ಮೇಲೆ ಬರೀತಾರ್ರಿ, ನಾವು ಇಳಿಸ್ಕೊಂತೀವಿ’ ಅಂದಳು. ದನಿಯಲ್ಲಿ ದೂರೂ ಇಲ್ಲ, ನಾಚಿಕೆಯೂ ಇಲ್ಲ.

‘ಸುಳ್ಳಿಗೆ ನಾ ಸಹಿ ಹಾಕಲ್ಲ ಅಶು. ನೋಡದೇ ಹಾಕಿದವನಲ್ಲ ನಾ.’

ಹಿಂದಿನವರು ಗೊಣಗಿದರು. ಅವಳು ತಗ್ಗಿದ ದನಿಯಲ್ಲಿ, ಏನೋ ಲೆಕ್ಕ ಬಿಡಿಸಿ ತೋರಿಸುವವಳ ಹಾಗೆ ಅಂದಳು. ‘ಅವತ್ತ ಕಾಲೇಜ್ ನೋಡೋಣ ಅಂದೆ. ನೋಡೂದೇನದ ಅಂದ್ರಿ. ನಾ ನೋಡದೇ ಸಹಿ ಹಾಕ್ದೆ. ಈಗ ನೀವೂ ಹಾಕ್ರಿ ಪಪ್ಪಾ. ಇಲ್ಲಂದ್ರ ನಂದು ಎರಡು ವರ್ಷ ಹೋಗ್ತಾವ.’

ಹಾಕಿದೆ. ತಾರೀಕೂ ಬರೆದೆ. ಪೆನ್ನನ್ನು ಹಿಂದಿನವರಿಗೆ ಕೊಟ್ಟೆ.

ಜನವರಿ ೧೩, ಸೋಮವಾರ

ಮಧ್ಯಾಹ್ನ ಊಟದ ಮೇಲೆ ಒಂದು ಡಬ್ಬ ಮುಗಿಸಿದೆ. ನಲವತ್ತು ಸಿಲಿಂಡರ್, ನಲವತ್ತು ಸ್ಟ್ಯಾಂಪ್. ಡಬ್ಬ ಹೋದ ಮೇಲೆ ನೋಡಿದರೆ ಗೇಜ್ ಇನ್ನೂ ಅದರ ಪೆಟ್ಟಿಗೆಯಲ್ಲೇ ಇದೆ, ಮುಚ್ಚಳ ಹಾಕಿಕೊಂಡು.

ಪ್ಯಾಕಿಂಗ್‌ಗೆ ಓಡಿದೆ. ಡಬ್ಬ ವಾಪಸ್ ತರಿಸಿ ಒಂದೊಂದನ್ನೂ ಅಳೆದೆ. ತುಕಾರಾಮ ನಗುತ್ತ ನಿಂತಿದ್ದ. ‘ಶಶಿಭಾವು, ಬಿಪಿ ಚೆಕ್ ಮಾಡಿಸಿ.’

ನಲವತ್ತೂ ಸರಿಯಾಗಿದ್ದವು. ಅದೇ ನನಗೆ ಭಯ ಹುಟ್ಟಿಸಿತು. ನೋಡದೇ ಒತ್ತಿದರೂ ಏನೂ ಆಗಲಿಲ್ಲ, ಯಾರಿಗೂ ತಿಳಿಯಲಿಲ್ಲ.

ಫೆಬ್ರವರಿ ೧

ಅಶುವಿನ ಫಿಸಿಕ್ಸ್ ಪ್ರಾಕ್ಟಿಕಲ್ ಪರೀಕ್ಷೆ ಮುಗಿಯಿತು. ಫೋನ್ ಮಾಡಿ ಹೇಗಾಯಿತು ಎಂದೆ.

‘ವಾಯರ್ ಎಲ್ಲಿ ಜೋಡಿಸಬೇಕು ತಿಳೀಲಿಲ್ರಿ. ಸುಮ್ನೆ ನಿಂತೆ. ಸರ್ ಬಂದು ರೀಡಿಂಗ್ ಹೇಳಿ ಹೋದ್ರು. ಇಪ್ಪತ್ತೆಂಟು ಬರ್ತಾವಂತ.’

ಮೂವತ್ತಕ್ಕೆ ಇಪ್ಪತ್ತೆಂಟು. ಮಹಾದೇವಿ ಸಕ್ಕರೆ ಡಬ್ಬಿ ತೆಗೆದಳು. ನನ್ನ ಮುಖ ನೋಡಿ ಮತ್ತೆ ಇಟ್ಟಳು.

ಜೂನ್ ೧೭

ಸಿಇಟಿ ರಿಸಲ್ಟ್ — ೬೮ ಪರ್ಸೆಂಟೈಲ್. ಜೆಇಇ ಮಾತೇ ಬೇಡ. ಸುಧೀರ ಸರ್ ಫೋನ್ ಎತ್ತುತ್ತಿಲ್ಲ. ನಾಸಿಕ್ ರೋಡ್‌ನ ಆ ಹಾಲ್ ಮುಂದೆ ಈ ವರ್ಷದ ಸೆಮಿನಾರಿನ ಬ್ಯಾನರ್. ಒಳಗೆ ಹೋಗಿ ಎಲ್ಲರ ಮುಂದೆ ಹೇಳಿಬಿಡಲೇ ಅನಿಸಿತು. ನನ್ನ ಸಹಿ ಅವರ ಕಪಾಟಿನಲ್ಲಿದೆ. ಕಂಪನಿ ಬಸ್ ಬಂತು, ಹತ್ತಿದೆ.

ಜುಲೈ ೨೭, ಭಾನುವಾರ. ಬೆಳಿಗ್ಗೆ

ಇಂಜಿನಿಯರಿಂಗ್ ಆಪ್ಷನ್ ಫಾರ್ಮ್ ತುಂಬಲು ನಾಳೆ ಕೊನೆ. ವಾರದಿಂದ ಪಟ್ಟಿ ಮಾಡಿದ್ದೇನೆ. ಎಲ್ಲ ನಾಸಿಕ್‌ನವೇ, ಎಲೆಕ್ಟ್ರಾನಿಕ್ಸ್ ಸಿಗುವಂಥವೇ. ಮೂರು ಕಾಲೇಜಿಗೆ ನಾನೇ ಹೋಗಿ ಲ್ಯಾಬ್ ನೋಡಿ ಬಂದೆ. ಒಂದರಲ್ಲಿ ಒಳ್ಳೆಯ ಲ್ಯಾಬ್ ಇದೆ. ಹುಡುಗರ ಜರ್ನಲ್ ತೆರೆಸಿ ನೋಡಿದೆ, ಹೊಡೆದುಹಾಕಿದ ಅಂಕಿಗಳಿದ್ದವು.

ಶೆಲ್ಫ್ ಮೇಲಿನ ಸೋಲ್ಡರಿಂಗ್ ಐರನ್ ತೆಗೆದು ಒರೆಸಿ ಅವಳ ಮುಂದಿಟ್ಟೆ. ‘ಈ ಸಲ ನೀನೇ ಆರಿಸು. ನಾಳೆ ರಜಾ ಹಾಕ್ತೀನಿ. ಇಬ್ಬರೂ ಹೋಗಿ ನೋಡ್ಕೊಂಡು ಬರೋಣು, ಆಮ್ಯಾಲೆ ತುಂಬೋಣು.’

‘ಇದು ಇನ್ನಾ ಅದ ಏನ್ರಿ?’ ಎಂದು ಐರನ್ ಎತ್ತಿ ನೋಡಿದಳು. ತುದಿ ಕಿಲುಬು ಹಿಡಿದಿತ್ತು. ಮತ್ತೆ ಶೆಲ್ಫ್ ಮೇಲಿಟ್ಟಳು. ‘ನೋಡಿ ಏನ್ ಮಾಡೂದದ ಪಪ್ಪಾ? ನಿಮಗ ಯಾವ್ದು ಛಲೋ ಅನಸ್ತದ ಅದು ಹಾಕ್ರಿ.’

ಜಗಳವಾಡಿದ್ದರೆ ಆಗುತ್ತಿತ್ತು. ಎರಡು ವರ್ಷದ ಹಿಂದಿನ ಆ ಹಠ ಮಾಡಲಿ, ಪಟ್ಟಿ ಹರಿದು ಎಸೆಯಲಿ ಎಂದು ಕಾದೆ. ಓಝರ್ ಕಡೆಯಿಂದ ವಿಮಾನ ಹೋಯಿತು. ಸದ್ದಿಗೆ ನಾನೇ ಬಾಲ್ಕನಿಗೆ ಹೋದೆ. ಅವಳು ಫೋನ್ ನೋಡುತ್ತ ಕೂತಿದ್ದಳು.

ಬೆಳಿಗ್ಗೆ, ಹನ್ನೊಂದೂವರೆ

ತುಂಬಿದೆ. ಮೊದಲ ಆಪ್ಷನ್ ಆ ಒಳ್ಳೆಯ ಲ್ಯಾಬ್ ಇರುವ ಕಾಲೇಜ್. ಒಟಿಪಿ ನನ್ನ ಫೋನಿಗೇ ಬಂದಿದೆ. ಹಾಕಿದರೆ ಲಾಕ್, ಮತ್ತೆ ಬದಲಾಗುವುದಿಲ್ಲ. ಲ್ಯಾಪ್‌ಟಾಪ್ ಅವಳ ಮುಂದೆ ಹಿಡಿದು, ಒಮ್ಮೆ ಓದು ತಾಯಿ, ಎಂದೆ. ಓದಲಿಲ್ಲ. ‘ಒತ್ರಿ ಪಪ್ಪಾ’ ಅಂದಳು, ಅಷ್ಟೇ.

ಆರು ಅಂಕಿ. ನಾಲ್ಕು ಹಾಕಿದ್ದೇನೆ. ಇನ್ನೊಂದು ಸಲ ಕೇಳಿ ಬರುತ್ತೇನೆ. ಅವಳು ಒಂದೇ ಒಂದು ಸಲ ಬೇಡ ಅಂದರೂ ಸಾಕು, ನಾನು ಈ ನಾಲ್ಕನ್ನೂ ಅಳಿಸಿಬಿಡುತ್ತೇನೆ.